ಬಾಯಿ ಉರೀತಿದ್ಯಾ? ಅಲರ್ಜಿ ಅನ್ನೋ ಮುಂಚೆ ಟೈಮ್ ನೋಡ್ಕೊಳ್ಳಿ

ಬಾಯಿ ಸ್ವಲ್ಪ ಉರಿದ್ರೆ ಸಾಕು, "ಏನೋ ಅಲರ್ಜಿ ಆಗಿದೆ" ಅಂತೀವಿ. ಇರಬಹುದು, ಆದ್ರೆ ಎಷ್ಟೋ ಸಲ ಅದು ಅಲರ್ಜಿ ಆಗಿರಲ್ಲ. ಮೊದ್ಲು ಯಾವಾಗ ಶುರುವಾಯ್ತು, ಅದಕ್ಕೆ ಮುಂಚೆ ಬಾಯಿಗೆ ಏನು ಹೋಗಿತ್ತು ಅಂತ ಫೋನಲ್ಲಿ ಬರ್ದಿಟ್ಕೊಳ್ಳಿ, ಡಾಕ್ಟರ್ ಕೇಳೋದೂ ಅದನ್ನೇ.

ಹಸಿ ಸೇಬೋ ಪೀಚೋ ತಿಂದ ಕೆಲವೇ ನಿಮಿಷಕ್ಕೆ ತುಟಿ, ಅಂಗುಳ ಎಲ್ಲಾ ತುರಿಸಿ ಆಮೇಲೆ ತಾನಾಗೇ ಇಳಿದ್ರೆ ಅದು ಹೆಚ್ಚಾಗಿ ಪರಾಗದ ಅಲರ್ಜಿ ಇರೋರಿಗೆ ಆಗೋದು, ಹಣ್ಣಿನ ಪ್ರೋಟೀನು ಪರಾಗದ ಪ್ರೋಟೀನ್ ತರಾನೇ ಇರೋದ್ರಿಂದ ದೇಹ ಮೋಸ ಹೋಗತ್ತೆ. ಅದೇ ಹಣ್ಣನ್ನ ಬೇಯಿಸಿದ್ರೆ ತುಂಬಾ ಜನಕ್ಕೆ ಏನೂ ಆಗಲ್ಲ, ಬಿಸಿಗೆ ಆ ಪ್ರೋಟೀನ್ ಹಾಳಾಗತ್ತೆ. ಆದ್ರೆ ಬಾದಾಮಿ, ಗೋಡಂಬಿ ತರದ ಬೀಜಗಳು, ಕಡ್ಲೆಕಾಯಿ ತಿಂದು ಹೀಗಾಗಿದ್ರೆ ಮನೇಲಿ ಮತ್ತೆ ತಿಂದು ಟೆಸ್ಟ್ ಮಾಡೋಕೆ ಹೋಗ್ಬೇಡಿ.

ಅನಾನಸ್ ಕಥೆ ಬೇರೆ. ನಾನು ವರ್ಷಗಟ್ಟಲೆ ನಂಗೆ ಅಲರ್ಜಿ ಅಂತಾನೇ ಹೇಳ್ಕೊಂಡು ಓಡಾಡ್ತಿದ್ದೆ, ನಾಲಿಗೆ ತುದಿ ಚುರುಚುರು ಅನ್ನೋಕೆ ಮುಖ್ಯ ಕಾರಣ ಅದ್ರಲ್ಲಿರೋ ಬ್ರೋಮಲೈನ್ ಅನ್ನೋ ಎನ್‌ಜೈಮ್, ಪ್ರೋಟೀನ್ ಕರಗಿಸೋ ಕೆಲಸಾನ ನಮ್ಮ ನಾಲಿಗೆ ಮೇಲೇ ಶುರು ಮಾಡತ್ತೆ ಅಷ್ಟೇ!

ದಿನಾ ಹಲ್ಲುಜ್ಜಿದ ಮೇಲೇ ಉರಿ ಬರ್ತಿದ್ರೆ ಪೇಸ್ಟ್ ಮೇಲೆ ಡೌಟ್ ಪಡಿ. ನೊರೆ ಬರ್ಲಿ ಅಂತ ಹಾಕೋ ಸೋಡಿಯಂ ಲಾರಿಲ್ ಸಲ್ಫೇಟ್, ದಾಲ್ಚಿನ್ನಿ ಫ್ಲೇವರ್ ಎರಡೂ ಕೆಲವ್ರಿಗೆ ಆಗಲ್ಲ, ಅವಿಲ್ಲದ ಪೇಸ್ಟ್ ಕೆಲವು ವಾರ ಬಳಸಿ ನೋಡಿ. ಇನ್ಹೇಲರ್‌ನಲ್ಲಿ ಸ್ಟೀರಾಯ್ಡ್ ತಗೊಳ್ಳೋರು ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗೀರಿ, ಇಲ್ದಿದ್ರೆ ಬಿಳೀ ಫಂಗಸ್ ಕೂರತ್ತೆ. ನಾಲಿಗೆ ಕೆಂಪಗೆ ನುಣ್ಣಗಾಗಿ ಉರೀತಿದ್ರೆ ಬಿ12, ಕಬ್ಬಿಣದ ಅಂಶ ಚೆಕ್ ಮಾಡ್ಸಿ. 3 ವಾರ ಆದ್ರೂ ಮಾಯದ ಹುಣ್ಣನ್ನ ಮಾತ್ರ ತೋರಿಸ್ದೆ ಬಿಡ್ಬೇಡಿ.

ನಾಲಿಗೆ ಊದ್ಕೊಂಡು ಉಸಿರು ಕಟ್ಟೋ ಹಾಗಾದ್ರೆ, ದನಿ ಬದಲಾದ್ರೆ, ತಲೆ ಸುತ್ತಿದ್ರೆ ಇದ್ಯಾವ್ದೂ ಓದ್ತಾ ಕೂರ್ಬೇಡಿ, ಆಂಬುಲೆನ್ಸ್ ಕರೀರಿ, ಡಾಕ್ಟರ್ ಮುಂಚೆನೇ ಎಪಿನೆಫ್ರಿನ್ ಪೆನ್ (ಜೋರು ಅಲರ್ಜಿಗೆ ನಾವೇ ಹಾಕ್ಕೊಳ್ಳೋ ಇಂಜೆಕ್ಷನ್) ಕೊಟ್ಟಿದ್ರೆ ತಕ್ಷಣ ತೊಡೆಗೆ ಹಾಕಿ. ಇನ್ನೊಂದು, ಕೆಲವು ಬಿಪಿ ಮಾತ್ರೆಗಳಿಂದಾನೂ ತುಟಿ ನಾಲಿಗೆ ಊದತ್ತೆ, ಎಷ್ಟೋ ತಿಂಗಳಿಂದ ತಗೊಳ್ತಿರೋ ಮಾತ್ರೆ ಆದ್ರೂ ಸರಿ.

ಈಗ ಮನೇಲಿ ಸಾಕಿರೋ ನಾಯಿ ಬೆಕ್ಕಿನ ಬಾಯಿ ವಿಷಯ. ಇವಕ್ಕೆ ಆಹಾರದ ಅಲರ್ಜಿ ಬಂದ್ರೆ ಸಾಮಾನ್ಯವಾಗಿ ಚರ್ಮ, ಕಿವಿ, ಪಾದ ಕೆರ್ಕೊಳ್ತವೆ, ಬಾಯಿಯಲ್ಲಿ ಕಾಣ್ಸೋದು ಕಮ್ಮಿ. ಇದ್ದಕ್ಕಿದ್ದ ಹಾಗೆ ಜೊಲ್ಲು ಸುರಿಸ್ಕೊಂಡು ಮುಂಗಾಲಲ್ಲಿ ಮುಖ ಉಜ್ಕೊಳ್ತಿದ್ರೆ ಏನೋ ಸಿಕ್ಕಾಕೊಂಡಿರ್ಬೇಕು ಅಥವಾ ಏನೋ ಜಗಿದಿರ್ಬೇಕು. ನಾಯಿಗಳಲ್ಲಿ ಕಡ್ಡಿ ಚೂರು ಮೇಲಿನ ಎರಡು ಕಡೆ ದವಡೆ ಹಲ್ಲುಗಳ ಮಧ್ಯೆ ಅಡ್ಡಡ್ಡ ಸೇತುವೆ ತರ ಕೂತಿರತ್ತೆ, ಹೊರಗಿಂದ ಕಾಣೋದೇ ಇಲ್ಲ. ಬೆಕ್ಕಿನ ನಾಲಿಗೆ ಕೆಳಗೆ ದಾರ ಸಿಕ್ಕಿದ್ರೆ ಎಳೀಬೇಡಿ, ಇನ್ನೊಂದು ತುದಿ ಕರುಳಲ್ಲಿರಬಹುದು.

ಮನಿ ಪ್ಲಾಂಟ್, ಡಿಫೆನ್‌ಬೇಕಿಯಾ ಎಲೆ ಜಗಿದ್ರೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಚುಚ್ಚಿ ಬಾಯಿ ಊದತ್ತೆ. ಒದ್ದೆ ಬಟ್ಟೇಲಿ ಬಾಯಿ ಒರೆಸಿ, ನೀರು ಕುಡಿಸಿ, ವಾಂತಿ ಮಾಡ್ಸೋಕೆ ಹೋಗ್ಬೇಡಿ. ಲಿಲ್ಲಿ ಹೂವಿಗೆ ಬೆಕ್ಕು ಬಾಯಿ ಹಾಕಿದ್ರೆ ಮಾತ್ರ ಕಾಯ್ಬೇಡಿ, ಕಿಡ್ನಿ ಹೋಗತ್ತೆ, ಅವತ್ತೇ ವೆಟ್ (ಪ್ರಾಣಿ ಡಾಕ್ಟರ್) ಹತ್ರ ಓಡಿ.

ನಿಮ್ಮ ಬಾಯಿ ಹುಣ್ಣಿನ ಜೆಲ್ಲು, ನೋವಿನ ಮಾತ್ರೆ ಅವಕ್ಕೆ ಹಾಕ್ಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನ ಕೊಲ್ಲಬಹುದು, ಸಕ್ಕರೆ ಬದಲು ಸಿಹಿಗೆ ಹಾಕೋ ಕ್ಸೈಲಿಟಾಲ್ ನಾಯಿಗೆ ವಿಷ. ಜೊಲ್ಲಿನ ಜೊತೆಗೆ ನುಂಗೋಕಾಗ್ತಿಲ್ಲ, ವರ್ತನೆನೂ ಬದಲಾಗಿದೆ ಅನ್ಸಿದ್ರೆ ರೇಬಿಸ್ ಇರಬಹುದು, ಬಾಯೊಳಗೆ ಬೆರಳು ಹಾಕಿ ನೋಡೋ ಸಾಹಸ ಬೇಡ, ದೂರ ನಿಂತು ವೀಡಿಯೋ ಮಾಡಿ ವೆಟ್‌ಗೆ ಕಳಿಸಿ.