ಅಮೆರಿಕದಲ್ಲಿ ಮೊದಲ ವರ್ಷ ಮುಗಿಸಿದ ಐಟಿ ಹುಡುಗ ಹುಡುಗಿಯರಿಗೆ: ಡಿಸೆಂಬರಿನಲ್ಲಿ ಕೂತು ಹಾಕಬೇಕಾದ ಲೆಕ್ಕ

ಡಿಸೆಂಬರಿನ ಕೊನೆಯ ವಾರ ಆಫೀಸಿನಲ್ಲಿ ಮೀಟಿಂಗ್ ಇರುವುದಿಲ್ಲ, ಮೇನೇಜರ್ ರಜೆಯಲ್ಲಿರುತ್ತಾರೆ. ಕಳೆದ ವರ್ಷ ಹೇಗಿತ್ತು ಎಂದು ಯೋಚಿಸಲು ಒಳ್ಳೆಯ ಹೊತ್ತು. ಬಹಳ ಮಂದಿ ಈ ಹಿನ್ನೋಟವನ್ನು ಮನಸ್ಸಿನಿಂದ ಶುರುಮಾಡುತ್ತಾರೆ: ಏನು ಕಲಿತೆ, ಎಲ್ಲಿ ಸೋತೆ, ಮುಂದೇನು. ವೀಸಾ ಮೇಲೆ ಇರುವವರು ಆ ಕ್ರಮವನ್ನು ತಿರುಗಿಸಬೇಕು. ಮೊದಲ ಸಂಜೆ ಕಾಗದ ಮತ್ತು ದುಡ್ಡು, ಎರಡನೆಯ ಸಂಜೆ ಕೆಲಸ ಮತ್ತು ಜೀವನ. ಎಷ್ಟು ವರ್ಷ ಇರಬಹುದು, ಕೆಲಸ ಬಿಟ್ಟರೆ ಎಷ್ಟು ದಿನ ಸಿಗುತ್ತದೆ, ಕೈಯಲ್ಲಿ ನಿಜವಾಗಿ ಎಷ್ಟಿದೆ ಎಂಬುದು ಗೊತ್ತಿಲ್ಲದೆ "ಮುಂದೇನು" ಎಂದು ಕೇಳಿಕೊಂಡರೆ ಬರುವ ಉತ್ತರ ಬರೀ ಆಸೆಯಾಗಿರುತ್ತದೆ.

ಮೊದಲು ಐ-94, ಅಂದರೆ ಅಮೆರಿಕಕ್ಕೆ ಬಂದಿಳಿದಾಗ ಆಗುವ ಪ್ರವೇಶದ ದಾಖಲೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾದ ದಿನಾಂಕವನ್ನೇ ಇರುವ ಗಡುವು ಎಂದುಕೊಳ್ಳುವುದು ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು. ವೀಸಾ ಒಳಗೆ ಬರಲು ಬೇಕಾದದ್ದು. ಎಷ್ಟು ದಿನ ಇರಬಹುದು ಎಂದು ಹೇಳುವುದು ಐ-94. ಗಡಿ ತಪಾಸಣೆಯ ಇಲಾಖೆಯಾದ ಸಿಬಿಪಿಯ ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಅದನ್ನು ಇಳಿಸಿಕೊಂಡು, ಕಂಪನಿ ಕೊಟ್ಟ ಐ-797 ಎಂಬ ಮಂಜೂರಾತಿ ಪತ್ರದ ದಿನಾಂಕದ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದದಿದ್ದರೆ ಹೆಚ್ಚಾಗಿ ಕಾರಣ ಒಂದೇ: ಇಳಿದ ದಿನ ನಿಮ್ಮ ಪಾಸ್‌ಪೋರ್ಟಿನ ಅವಧಿ ಕಡಿಮೆ ಉಳಿದಿತ್ತು, ಅಧಿಕಾರಿ ಐ-94ನ್ನು ಆ ದಿನಕ್ಕೇ ಕತ್ತರಿಸಿದರು. ಆಮೇಲೆ ಪಾಸ್‌ಪೋರ್ಟ್ ನವೀಕರಿಸಿದರೂ ಐ-94 ತಾನಾಗಿ ಉದ್ದವಾಗುವುದಿಲ್ಲ. ಹೊಸ ಪಾಸ್‌ಪೋರ್ಟಿನೊಂದಿಗೆ ಹೊರಗೆ ಹೋಗಿ ಬರಬೇಕು, ಇಲ್ಲವೇ ಗಡುವಿಗೆ ಮೊದಲೇ ಕಂಪನಿಯ ವಕೀಲರಿಂದ ವಿಸ್ತರಣೆಯ ಅರ್ಜಿ ಹಾಕಿಸಬೇಕು. ಗಂಡ ಅಥವಾ ಹೆಂಡತಿ ಎಚ್-4ನಲ್ಲಿದ್ದರೆ (ಎಚ್-1ಬಿ ಎಂಬ ನೌಕರಿಯ ವೀಸಾ ಇರುವವರ ಮನೆಮಂದಿಗೆ ಕೊಡುವ ವೀಸಾ) ಅವರ ಐ-94 ಬೇರೆಯೇ ಇರುತ್ತದೆ. ಅದನ್ನು ಯಾವ ವಕೀಲರೂ ತಾವಾಗಿ ನೋಡುವುದಿಲ್ಲ, ನೀವೇ ನೋಡಬೇಕು.

ಅದೇ ಹಾಳೆಯ ಕೆಳಗೆ ಈ ವರ್ಷ ದೇಶದ ಹೊರಗಿದ್ದ ದಿನಗಳನ್ನು ಬರೆದಿಡಿ: ಹೋದ ದಿನಾಂಕ, ಬಂದ ದಿನಾಂಕ, ವಿಮಾನದ ಟಿಕೆಟಿನ ಪ್ರತಿ. ಎಚ್-1ಬಿಗೆ ಒಟ್ಟು ಆರು ವರ್ಷದ ಮಿತಿ. ಹೊರಗೆ ಕಳೆದ ಪೂರ್ತಿ ದಿನಗಳನ್ನು ಮುಂದೆ ಆ ಆರು ವರ್ಷಕ್ಕೆ ಮರಳಿ ಸೇರಿಸಿಕೊಳ್ಳಬಹುದು. ಐದನೆಯ ವರ್ಷದಲ್ಲಿ ವಕೀಲರು ಕೇಳಿದಾಗ ಹಳೆಯ ಬೋರ್ಡಿಂಗ್ ಪಾಸ್ ಹುಡುಕುವ ಬದಲು ಈಗಲೇ ಹತ್ತು ನಿಮಿಷ ಖರ್ಚುಮಾಡಿ. ವರ್ಷದ ಮಧ್ಯೆ ಮನೆ ಬದಲಿಸಿದ್ದರೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸುವ ಎಆರ್-11 ಫಾರ್ಮ್ ಸಲ್ಲಿಸಿದ್ದೀರಾ ಎಂದೂ ನೋಡಿ. ಗಡುವು 10 ದಿನ, ಆನ್‌ಲೈನಿನಲ್ಲಿ ಉಚಿತ. ಅಂಚೆ ಕಚೇರಿಗೆ ವಿಳಾಸ ಕೊಟ್ಟರೆ ಇದು ಆದಂತೆ ಅಲ್ಲ.

ಹಸಿರು ಕಾರ್ಡಿನ ಮಾತು ಮೊದಲ ವರ್ಷಕ್ಕೆ ಬೇಗವಾಯಿತು ಎನಿಸಬಹುದು. ಭಾರತದಲ್ಲಿ ಹುಟ್ಟಿದವರಿಗೆ ಬೇಗ ಎಂಬುದಿಲ್ಲ. ಪ್ರತಿ ದೇಶಕ್ಕೆ 7 ಶೇಕಡಾ ಮಿತಿ ಇರುವುದರಿಂದ ನೌಕರಿಯ ಮೂಲಕ ಹಸಿರು ಕಾರ್ಡು ಕೊಡುವ ಇಬಿ-2, ಇಬಿ-3 ವರ್ಗಗಳ ಸಾಲು ಬಹಳ ಉದ್ದ, ಮತ್ತು ಸಾಲಿನಲ್ಲಿ ನಿಮ್ಮ ಜಾಗ ನಿಗದಿಯಾಗುವುದು ಪರ್ಮ್ ಅರ್ಜಿ (ಹಸಿರು ಕಾರ್ಡಿಗಾಗಿ ಕಂಪನಿ ಕಾರ್ಮಿಕ ಇಲಾಖೆಗೆ ಹಾಕುವ ಮೊದಲ ಅರ್ಜಿ) ಸಲ್ಲಿಕೆಯಾದ ದಿನದಿಂದ. ಆರು ವರ್ಷ ದಾಟಿ ಉಳಿಯಬೇಕಾದರೆ ಪರ್ಮ್ ಆದ ಮೇಲೆ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಪರ್ಮ್ ಅಥವಾ ಐ-140 ಸಲ್ಲಿಸಿ ಕನಿಷ್ಠ 365 ದಿನವಾಗಿರಬೇಕು. ಆದ್ದರಿಂದ ಈ ವರ್ಷ ಎಚ್‌ಆರ್‌ಗೆ ಕೇಳಬೇಕಾದ ಪ್ರಶ್ನೆ "ಮಾಡುತ್ತೀರಾ" ಎಂದಲ್ಲ. ಸೇರಿ ಎಷ್ಟು ತಿಂಗಳಾದ ಮೇಲೆ ಶುರುಮಾಡುತ್ತೀರಿ, ಹುದ್ದೆ ಬದಲಾದರೆ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆಯೇ, ಇದನ್ನು ಇಮೇಲಿನಲ್ಲಿ ತಿಳಿಸುತ್ತೀರಾ ಎಂದು ಕೇಳಿ. ಬಾಯಿಮಾತಿನ ಭರವಸೆ ಮೇನೇಜರ್ ಬದಲಾದ ದಿನವೇ ಮುಗಿದುಹೋಗುತ್ತದೆ.

ಇನ್ನು ದುಡ್ಡು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ತಪ್ಪುಗಳೆಲ್ಲ ಇಲ್ಲೇ ಆಗುವುದು.

ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಊರಿನ ಬ್ಯಾಂಕ್ ಕೊಡುವ ಬಡ್ಡಿ ಪ್ರಮಾಣಪತ್ರವನ್ನು ಹಾಗೆಯೇ ಇಲ್ಲಿ ತುಂಬಿದರೆ ಒಂಬತ್ತು ತಿಂಗಳು ಹೊಂದಿದರೂ ಮೂರು ತಿಂಗಳು ತಪ್ಪಾಗುತ್ತದೆ. ಸ್ಟೇಟ್‌ಮೆಂಟನ್ನು ಜನವರಿ 1ರಿಂದ ಡಿಸೆಂಬರ್ 31ಕ್ಕೆ ತೆಗೆದು ಬಡ್ಡಿಯನ್ನು ನೀವೇ ಕೂಡಿಸಿ. ಎನ್‌ಆರ್‌ಇ ಠೇವಣಿಯ (ಇಲ್ಲಿನ ದುಡಿಮೆಯನ್ನು ಊರಿಗೆ ಕಳಿಸಿ ಇಡುವಂಥದ್ದು) ಬಡ್ಡಿಗೂ ಪಿಪಿಎಫ್ ಬಡ್ಡಿಗೂ ಭಾರತದಲ್ಲಿ ತೆರಿಗೆ ಇಲ್ಲ. ಆದರೆ ನೀವು ಇಲ್ಲಿ ತೆರಿಗೆಯ ಲೆಕ್ಕಕ್ಕೆ ನಿವಾಸಿಯಾಗಿದ್ದರೆ ಎರಡಕ್ಕೂ ಇಲ್ಲಿ ತೆರಿಗೆ ಉಂಟು. ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಇನ್ನೂ ಎನ್‌ಆರ್‌ಒ (ಅನಿವಾಸಿಯ ಸಾಮಾನ್ಯ ಖಾತೆ) ಆಗಿ ಬದಲಿಸಿಲ್ಲವಾದರೆ ಈ ಸಲ ಊರಿಗೆ ಹೋದಾಗ ಮಾಡಿಸಿ, ಅದು ಫೆಮಾ, ಅಂದರೆ ಭಾರತದ ವಿದೇಶಿ ವಿನಿಮಯ ಕಾನೂನಿನ ನಿಯಮ. ಊರಿನ ಮ್ಯೂಚುವಲ್ ಫಂಡುಗಳದ್ದು ಬೇರೆ ತಲೆನೋವು. ಇಲ್ಲಿ ಅವನ್ನು ಪಿಎಫ್‌ಐಸಿ (ಬರೀ ಹೂಡಿಕೆಯಿಂದ ಗಳಿಸುವ ವಿದೇಶಿ ಕಂಪನಿ) ಎಂದು ಎಣಿಸಿ, ಫಂಡ್ ಒಂದಕ್ಕೆ ಒಂದರಂತೆ ಫಾರ್ಮ್ 8621 ಕೇಳಬಹುದು. ತಿಂಗಳಿಗೆ ಎರಡು ಸಾವಿರ ರೂಪಾಯಿಯ ಎಸ್‌ಐಪಿಗಾಗಿ ಆ ಫಾರ್ಮ್ ತುಂಬಿಸಲು ಕೊಡುವ ಫೀಸು ಎಸ್‌ಐಪಿಯ ಲಾಭವನ್ನೇ ತಿನ್ನಬಹುದು.

ನಿವಾಸಿ ಹೌದೋ ಅಲ್ಲವೋ ಎಂಬುದು ದಿನಗಳ ಲೆಕ್ಕ. ಈ ವರ್ಷ ಕನಿಷ್ಠ 31 ದಿನ ಇದ್ದಿರಬೇಕು. ಜೊತೆಗೆ ಈ ವರ್ಷದ ಪೂರ್ತಿ ದಿನಗಳು, ಹಿಂದಿನ ವರ್ಷದ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಸೇರಿ 183 ಮುಟ್ಟಬೇಕು. ಬೆಂಗಳೂರಿನಿಂದ ನೇರವಾಗಿ ಎಚ್-1ಬಿಯಲ್ಲಿ ಅಕ್ಟೋಬರ್ 1ಕ್ಕೆ ಬಂದವರಿಗೆ ಆ ವರ್ಷ 92 ದಿನ ಮಾತ್ರ. ಅಂಥವರು ಸಾಮಾನ್ಯವಾಗಿ ನಿವಾಸಿಯಲ್ಲದವರ ತೆರಿಗೆ ಫಾರ್ಮ್ ಆದ 1040-ಎನ್‌ಆರ್ ತುಂಬಬೇಕು. ಅಗ್ಗದ ತೆರಿಗೆ ತಂತ್ರಾಂಶಗಳು ಇದನ್ನು ಕೇಳದೆ ಮಾಮೂಲಿ 1040 ತುಂಬಿಸಿ, ನಿಮಗೆ ಸಲ್ಲದ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟುಬಿಡುತ್ತವೆ. ರೀಫಂಡ್ ಬಂತೆಂದು ಖುಷಿಪಟ್ಟವರು ಆಮೇಲೆ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ.

ಎಫ್‌ಬಿಎಆರ್ ಎಂಬುದು ತೆರಿಗೆಯಲ್ಲ, ವಿದೇಶದಲ್ಲಿರುವ ಖಾತೆಗಳನ್ನು ತಿಳಿಸುವ ಕೆಲಸ ಅಷ್ಟೇ. ಆದರೆ ತಪ್ಪಿದರೆ ದಂಡ ಭಾರಿ. ನಿವಾಸಿಯಾದವರು ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ ಸಲ್ಲಿಸಬೇಕು. ಒಂಬತ್ತು ಲಕ್ಷ ರೂಪಾಯಿಯ ಆಸುಪಾಸು ಎಂದುಕೊಳ್ಳಿ. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತದೆ. ಸೈಟ್ ಕೊಳ್ಳಲೆಂದು ಅಪ್ಪ ಎರಡು ದಿನ ಅದರಲ್ಲಿ ಇಪ್ಪತ್ತು ಲಕ್ಷ ಇಟ್ಟು ತೆಗೆದಿದ್ದರೂ ಬರುತ್ತದೆ, ಡಿಸೆಂಬರ್ 31ರಂದು ಖಾತೆಯಲ್ಲಿ ಮುನ್ನೂರು ರೂಪಾಯಿ ಇದ್ದರೂ ಸರಿ. ಇದನ್ನು ತೆರಿಗೆ ಅರ್ಜಿಯ ಜೊತೆ ಕಳಿಸುವುದಲ್ಲ, ಅಮೆರಿಕದ ಖಜಾನೆ ಇಲಾಖೆಗೆ ಸೇರಿದ ಫಿನ್‌ಸೆನ್ ತಾಣದಲ್ಲಿ ಬೇರೆಯಾಗಿ ಹಾಕಬೇಕು. ಗಡುವು ಏಪ್ರಿಲ್ 15, ತಾನಾಗಿ ಅಕ್ಟೋಬರ್ 15ರವರೆಗೆ ವಿಸ್ತರಣೆ ಇದೆ.

ಆರ್‌ಎಸ್‌ಯು, ಅಂದರೆ ಸಂಬಳದ ಭಾಗವಾಗಿ ಕಂಪನಿಯ ಷೇರು ಸಿಕ್ಕವರು ಎರಡು ಗುಂಡಿಗಳನ್ನು ನೋಡಿಕೊಂಡು ನಡೆಯಬೇಕು. ಷೇರು ಕೈಗೆ ಬಂದ ದಿನದ ಬೆಲೆ ಸಂಬಳವೆಂದೇ ಲೆಕ್ಕ, ಮತ್ತು ಕಂಪನಿಗಳು ಅದರ ಮೇಲೆ ಸಾಮಾನ್ಯವಾಗಿ 22 ಶೇಕಡಾ ಫೆಡರಲ್ ತೆರಿಗೆ ಹಿಡಿಯುತ್ತವೆ. ನೀವು 32 ಶೇಕಡಾ ಹಂತದಲ್ಲಿದ್ದರೆ 30,000 ಡಾಲರಿನ ಷೇರಿಗೆ 3,000 ಡಾಲರ್ ಬಾಕಿ ಉಳಿಯುತ್ತದೆ, ರಾಜ್ಯದ ತೆರಿಗೆ ಬೇರೆ. ಜನವರಿ 15ರೊಳಗೆ ಅಂದಾಜು ತೆರಿಗೆಯಾಗಿ ಕಟ್ಟಿಬಿಟ್ಟರೆ ಏಪ್ರಿಲ್‌ನಲ್ಲಿ ಎದೆ ಒಡೆಯುವುದಿಲ್ಲ. ಎರಡನೆಯದು, ಮಾರಿದಾಗ ಬ್ರೋಕರ್ ಕೊಡುವ 1099-ಬಿ ಪತ್ರ. ಅದರಲ್ಲಿ ಕೊಂಡ ಬೆಲೆ ಸೊನ್ನೆ ಅಥವಾ ಖಾಲಿ ಎಂದಿರುವುದುಂಟು. 5,000 ಡಾಲರಿಗೆ ಕೈಸೇರಿದ ಷೇರನ್ನು 5,200ಕ್ಕೆ ಮಾರಿದರೆ ಲಾಭ 200. ಆ ಪತ್ರವನ್ನು ಹಾಗೆಯೇ ತುಂಬಿದರೆ 5,200ಕ್ಕೂ ಮತ್ತೆ ತೆರಿಗೆ ಕಟ್ಟಿದಂತಾಗುತ್ತದೆ. ಬ್ರೋಕರ್ ತಾಣದಲ್ಲಿ ಪೂರಕ ಹೇಳಿಕೆ ಎಂಬ ಇನ್ನೊಂದು ಕಡತ ಇರುತ್ತದೆ. ಸರಿಯಾದ ಬೆಲೆ ಅದರಲ್ಲಿರುತ್ತದೆ, ಫಾರ್ಮ್ 8949ರಲ್ಲಿ ಅದನ್ನು ಹಾಕಿ ಸರಿಪಡಿಸಬೇಕು.

401(ಕೆ) ಎಂಬ ನಿವೃತ್ತಿ ಉಳಿತಾಯದಲ್ಲಿ ಕಂಪನಿ ಕೊಡುವ ಪಾಲು ಪೂರ್ತಿ ಬಂದಿದೆಯೇ ಎಂದು ಕೊನೆಯ ಪೇ ಸ್ಲಿಪ್ಪಿನಲ್ಲಿ ನೋಡಿ. ನೌಕರರ ಮಿತಿ 2025ಕ್ಕೆ 23,500 ಡಾಲರ್, 2026ಕ್ಕೆ 24,500. ಆತುರದಿಂದ ಜೂನ್‌ನಲ್ಲೇ ಮಿತಿ ಮುಟ್ಟಿಸಿದವರಿಗೆ, ಸಂಬಳಕ್ಕೊಂದರಂತೆ ಪಾಲು ಹಾಕುವ ಕಂಪನಿಯಲ್ಲಿ ಉಳಿದ ಆರು ತಿಂಗಳ ಪಾಲು ತಪ್ಪಿಹೋಗಬಹುದು. ವರ್ಷದ ನಡುವೆ ಕೆಲಸ ಬದಲಿಸಿದವರಿಗೆ ಮಿತಿ ಎರಡೂ ಕಂಪನಿ ಸೇರಿ ಒಂದೇ. ಹೊಸ ಕಂಪನಿಗೆ ಹಳೆಯದು ಗೊತ್ತಿರುವುದಿಲ್ಲ. ಹೆಚ್ಚಾದದ್ದನ್ನು ಏಪ್ರಿಲ್ 15ರೊಳಗೆ ಹಿಂದೆ ತೆಗೆಸಬೇಕು. ಎಫ್‌ಎಸ್‌ಎ, ಎಚ್‌ಎಸ್‌ಎ ಎರಡೂ ವೈದ್ಯಕೀಯ ಖರ್ಚಿಗೆ ತೆರಿಗೆಯಿಲ್ಲದೆ ಎತ್ತಿಡುವ ದುಡ್ಡು. ಎಫ್‌ಎಸ್‌ಎ ದುಡ್ಡು ಸಾಮಾನ್ಯವಾಗಿ ವರ್ಷಾಂತ್ಯಕ್ಕೆ ಹೋಗುವಂಥದ್ದು, ಎಚ್‌ಎಸ್‌ಎ ನಿಮ್ಮದೇ ಆಗಿ ಉಳಿಯುವಂಥದ್ದು. ಎರಡನ್ನೂ ಗೊಂದಲ ಮಾಡಿಕೊಂಡು ಡಿಸೆಂಬರ್ 30ಕ್ಕೆ ಮೂರು ಕನ್ನಡಕ ಕೊಂಡವರಿದ್ದಾರೆ.

ಆಪದ್ಧನದ ಲೆಕ್ಕವೂ ನಮಗೆ ಬೇರೆ. ಕೆಲಸ ಹೋದರೆ ಎಚ್-1ಬಿಯವರಿಗೆ ಹೆಚ್ಚೆಂದರೆ 60 ದಿನ, ಐ-94 ಅದಕ್ಕೂ ಮೊದಲು ಮುಗಿದರೆ ಅಷ್ಟೇ. ಎರಡು ತಿಂಗಳ ಖರ್ಚು, ಬಾಡಿಗೆ ಕರಾರು ಮುರಿದರೆ ಕೊಡಬೇಕಾದ ಮೊತ್ತ, ಕಾರಿನ ಸಾಲದ ಬಾಕಿಗೂ ಕಾರಿನ ಮಾರುಬೆಲೆಗೂ ಇರುವ ಅಂತರ, ಮನೆಮಂದಿಯ ಒಂದು ಕಡೆಯ ಟಿಕೆಟ್: ಇವನ್ನು ಕೂಡಿಸಿ ಬಂದ ಸಂಖ್ಯೆ ಮಾಮೂಲಿ ಉಳಿತಾಯ ಖಾತೆಯಲ್ಲಿರಬೇಕು, ಷೇರಿನಲ್ಲಲ್ಲ. ಕಂಪನಿ ಜನರನ್ನು ತೆಗೆಯುವ ತಿಂಗಳಲ್ಲೇ ಕಂಪನಿಯ ಷೇರೂ ಬಿದ್ದಿರುವ ಸಾಧ್ಯತೆ ಹೆಚ್ಚು.

ಎರಡನೆಯ ಸಂಜೆ ಕೆಲಸದ ಬಗ್ಗೆ. ಕ್ಯಾಲೆಂಡರ್, ಮುಗಿಸಿದ ಟಿಕೆಟ್‌ಗಳು, ಕೋಡ್ ರಿವ್ಯೂಗಳು, ಆನ್-ಕಾಲ್ ಪಾಳಿಗಳು: ಇವನ್ನು ತಿಂಗಳವಾರು ತೆರೆದು ಒಂದೊಂದು ಸಾಲು ಬರೆಯಿರಿ. ನೆನಪನ್ನು ನಂಬಿದರೆ ಅಕ್ಟೋಬರಿನಿಂದೀಚೆಯದಷ್ಟೇ ಸಿಗುತ್ತದೆ, ಮಾರ್ಚಿನಲ್ಲಿ ಮೂರು ವಾರ ಕೂತು ಬಿಡಿಸಿದ ಕಗ್ಗಂಟು ಕಾಣೆಯಾಗುತ್ತದೆ. ಕಂಪನಿಯ ಕಡತ, ಕೋಡ್, ಸ್ಕ್ರೀನ್‌ಶಾಟ್ ಏನನ್ನೂ ಸ್ವಂತ ಇಮೇಲಿಗೆ ಕಳಿಸಬೇಡಿ. ಕೆಲಸ ಕಳಕೊಳ್ಳಲು ಅದೊಂದೇ ಸಾಕು.

ಆ ಸಾಲುಗಳೇ ಸ್ವಮೌಲ್ಯಮಾಪನಕ್ಕೆ ಸರಕು. ನಮ್ಮವರು ಇಲ್ಲಿ ಎಡವುವುದು ಒಂದೇ ಜಾಗದಲ್ಲಿ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಾರದೆಂದು ಕಲಿತು ಬಂದಿರುತ್ತೇವೆ, ಹಾಗಾಗಿ ಎಲ್ಲಕ್ಕೂ "ನಾವು ಮಾಡಿದೆವು" ಎನ್ನುತ್ತೇವೆ. ನಿಮ್ಮ ತಂಡದವರನ್ನು ಕಾಣದ ಮೇಲಿನ ಸಮಿತಿಗೆ ಆ "ನಾವು" ಒಳಗೆ ನೀವು ಯಾರೆಂದು ತಿಳಿಯುವುದಿಲ್ಲ. ಫಲವನ್ನು ಮೊದಲು ಬರೆದು, ಆಮೇಲೆ ನಿಮ್ಮ ಪಾತ್ರ ಬರೆಯಿರಿ: "ಪಾವತಿ ಸೇವೆಯ ಪಿ95 ವಿಳಂಬ 900 ಮಿಲಿಸೆಕೆಂಡಿನಿಂದ 350ಕ್ಕೆ ಇಳಿಯಿತು. ಕ್ಯಾಶ್ ವಿನ್ಯಾಸ ಮತ್ತು ಬಿಡುಗಡೆಯ ಯೋಜನೆ ನನ್ನದು, ಪರೀಕ್ಷೆಯನ್ನು ಇಬ್ಬರು ಸಹೋದ್ಯೋಗಿಗಳೊಂದಿಗೆ ಮಾಡಿದೆ." ಸಂಖ್ಯೆ ಇಲ್ಲದ ಕೆಲಸವಾದರೆ ಮೊದಲು ಯಾರಿಗೆ ಏನು ತೊಂದರೆಯಿತ್ತು, ಈಗ ಏನಿಲ್ಲ ಎಂದಾದರೂ ಹೇಳಿ. ಕೆಟ್ಟದ್ದನ್ನೂ ಬರೆಯಿರಿ. ನೀವು ಹಾಕಿದ ಬದಲಾವಣೆಯಿಂದ ಸೇವೆ ನಿಂತಿದ್ದರೆ, ಎಷ್ಟು ಹೊತ್ತಿನಲ್ಲಿ ಪತ್ತೆಯಾಯಿತು, ಆಮೇಲೆ ಯಾವ ಎಚ್ಚರಿಕೆ ಗಂಟೆ ಕಟ್ಟಿದಿರಿ ಎಂಬುದು ಸಮಿತಿಗೆ ಬೇಕಾದ ಮಾತು.

ದೇಹದ ಲೆಕ್ಕ ಚಿಕ್ಕದು. ವರ್ಷಕ್ಕೊಮ್ಮೆಯ ತಡೆಗಟ್ಟುವ ತಪಾಸಣೆಗೆ, ನಿಮ್ಮ ವಿಮೆಯ ನೆಟ್‌ವರ್ಕಿನ ವೈದ್ಯರಲ್ಲಿ, ಸಾಮಾನ್ಯವಾಗಿ ದುಡ್ಡಿಲ್ಲ. ಆದರೆ ಅದೇ ಭೇಟಿಯಲ್ಲಿ "ಬೆನ್ನೂ ನೋಯುತ್ತಿದೆ" ಎಂದರೆ ಬೇರೆ ಬಿಲ್ ಬರಬಹುದು. ಈ ವರ್ಷ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನೀವೇ ಕೊಡಬೇಕಾದ ಮೊತ್ತ) ತುಂಬಿದ್ದರೆ ಬಾಕಿ ಇರುವ ಸ್ಕ್ಯಾನ್, ಫಿಸಿಯೋಥೆರಪಿಗಳನ್ನು ವಿಮೆಯ ವರ್ಷ ಮುಗಿಯುವ ಮೊದಲೇ ಮುಗಿಸಿ. ಹೆಚ್ಚಿನ ಯೋಜನೆಗಳಲ್ಲಿ ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು.

ಜನರ ಲೆಕ್ಕಕ್ಕೆ ಫೋನನ್ನೇ ನೋಡಿ. ಮನೆಗೆ ಎಷ್ಟು ಸಲ ಮಾತಾಡಿದ್ದೀರಿ, ಯಾವ ಹೊತ್ತಿನಲ್ಲಿ? ನವೆಂಬರಿನ ಮೊದಲ ಭಾನುವಾರ ಗಡಿಯಾರ ಹಿಂದೆ ಹೋದ ಮೇಲೆ ಮಾತು ಕಡಿಮೆಯಾಗಿರುವುದು ಹಲವರಲ್ಲಿ ಕಾಣುತ್ತದೆ. ಕ್ಯಾಲಿಫೋರ್ನಿಯಾದ ರಾತ್ರಿ 9 ಬೇಸಿಗೆಯಲ್ಲಿ ಊರಿನ ಬೆಳಿಗ್ಗೆ 9:30, ಚಳಿಗಾಲದಲ್ಲಿ 10:30. ಅಷ್ಟರಲ್ಲಿ ಅಪ್ಪ ಹೊರಗೆ ಹೋಗಿ, ಅಮ್ಮ ಅಡುಗೆ ಶುರುಮಾಡಿರುತ್ತಾರೆ. ನ್ಯೂಜೆರ್ಸಿಯಲ್ಲಿರುವವರಿಗೆ ತಮ್ಮ ಬೆಳಿಗ್ಗೆ 8:30 ಒಳ್ಳೆಯದು, ಚಳಿಗಾಲದಲ್ಲಿ ಆಗ ಊರಿನಲ್ಲಿ ಸಂಜೆ 7. ಹೊತ್ತನ್ನು ಒಂದು ಗಂಟೆ ಸರಿಸಿದರೆ ಸರಿಹೋಗುವುದನ್ನು ಮನಸ್ಸು ದೂರವಾಯಿತೆಂದು ಅಂದುಕೊಳ್ಳಬೇಡಿ. ಕೆಲಸಕ್ಕೆ ಸಂಬಂಧಿಸದ ಎಷ್ಟು ಮಂದಿಯ ಮನೆಗೆ ಹೋಗಿದ್ದೀರಿ ಎಂದೂ ಎಣಿಸಿ. ಎರಡಕ್ಕಿಂತ ಕಡಿಮೆಯಿದ್ದರೆ ನಿಮ್ಮೂರಿನ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಪ್ರೇಕ್ಷಕರಾಗಿ ಬರುವ ಬದಲು ಊಟ ಬಡಿಸಲು ಹೆಸರು ಕೊಡಿ. ಸಭಾಂಗಣದಲ್ಲಿ ಕೂತು ಎದ್ದುಹೋದರೆ ಯಾರ ಪರಿಚಯವೂ ಆಗುವುದಿಲ್ಲ, ಸಾರಿನ ಸೌಟು ಹಿಡಿದವರನ್ನು ಎಲ್ಲರೂ ಮಾತಾಡಿಸುತ್ತಾರೆ.

ಇಷ್ಟಾದ ಮೇಲೆ "ಇರುವುದೋ ಹೋಗುವುದೋ" ಎಂಬ ಪ್ರಶ್ನೆಗೆ ಬನ್ನಿ. ಅರ್ಧ ಪುಟ ಸಾಕು, ಕನ್ನಡದಲ್ಲೇ ಬರೆಯಿರಿ. ಕಾರಣ ಬರೆಯಿರಿ, ಜೊತೆಗೆ ಯಾವುದು ಬದಲಾದರೆ ನಿರ್ಧಾರ ಬದಲಾಗುತ್ತದೆ ಎಂದೂ ಬರೆಯಿರಿ: ಪರ್ಮ್ ಇಂಥ ತಿಂಗಳೊಳಗೆ ಶುರುವಾಗದಿದ್ದರೆ, ಸಾಲ ಇಷ್ಟಕ್ಕೆ ಇಳಿದರೆ, ಮನೆಯಲ್ಲಿ ಆರೋಗ್ಯ ಹೀಗಾದರೆ. ಕೆಳಗೆ ದಿನಾಂಕ ಹಾಕಿ ಐ-94ರ ಪ್ರತಿಯ ಜೊತೆ ಇಡಿ. ಮುಂದಿನ ಡಿಸೆಂಬರಿನಲ್ಲಿ ಐ-94 ನೋಡಲು ಆ ಫೈಲ್ ತೆರೆಯಲೇಬೇಕು, ಆಗ ಇದೂ ಕೈಗೆ ಸಿಗುತ್ತದೆ.