ಸೂಜಿಗಲ್ಲು ಹಿಡಿದು ದಿಕ್ಸೂಚಿ ಮಾಡುವುದು ಹೇಗೆ?

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಸೂಜಿಯ ದಿಕ್ಸೂಚಿ ಮಾಡುವುದನ್ನು ನೋಡುತ್ತಲೇ ಇರುತ್ತೇನೆ. ಎಷ್ಟೋ ಸೂಜಿಗಳು ಉತ್ತರಕ್ಕೆ ತಿರುಗುವುದೇ ಇಲ್ಲ. ಎಡವುವುದು ಉಜ್ಜುವಾಗಲೇ.

ಮೊದಲು ಕಲ್ಲು. ಕೆಂಪು-ನೀಲಿ ಬಣ್ಣದ ಪಟ್ಟಿ ಕಾಂತ ಬೇಡ, ಸೂಜಿಗಲ್ಲೇ ಇರಲಿ. ಬಣ್ಣ ಇಲ್ಲದಿದ್ದರೆ ಧ್ರುವಗಳನ್ನು ಮಗುವೇ ಹುಡುಕಬೇಕಾಗುತ್ತದೆ. ಸೂಜಿಗಲ್ಲು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. 2005ರ ಕೊನೆಯವರೆಗೆ ಕುದುರೆಮುಖದಲ್ಲಿ ಅಗೆಯುತ್ತಿದ್ದದ್ದೂ ಮ್ಯಾಗ್ನೆಟೈಟೇ. ಆದರೆ ಮ್ಯಾಗ್ನೆಟೈಟ್ ಎಲ್ಲವೂ ಸೂಜಿಗಲ್ಲಲ್ಲ. ಹೆಚ್ಚಿನವು ಕಾಂತಕ್ಕೆ ಅಂಟುತ್ತವೆ, ತಾವಾಗಿ ಗುಂಡುಸೂಜಿ ಎತ್ತುವುದಿಲ್ಲ. ಎತ್ತುತ್ತದಾ ಅಂತ ನೋಡಿಯೇ ಕೊಳ್ಳಿ. ‘ಮ್ಯಾಗ್ನೆಟಿಕ್ ಹೆಮಟೈಟ್’ ಹೆಸರಲ್ಲಿ ಬರುವ ನುಣುಪು ಕಲ್ಲು ಬೇಡವೇ ಬೇಡ. ಅದು ಕಾರ್ಖಾನೆಯಲ್ಲಿ ಮಾಡಿದ ಫೆರೈಟ್ ಎಂಬ ಕೃತಕ ಕಾಂತ.

ಕಲ್ಲನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಲೇತ್ ಅಂಗಡಿಯ ಕಬ್ಬಿಣದ ಪುಡಿಯಲ್ಲಿ ಹೊರಳಿಸಿ. ಪುಡಿ ಮುಳ್ಳಿನಂತೆ ಎದ್ದು ನಿಲ್ಲುವ ಜಾಗಗಳೇ ಧ್ರುವ. ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಈಗ ಉಜ್ಜುವುದು. ಹೊಲಿಗೆ ಸೂಜಿಯನ್ನು ಮೇಜಿನ ಮೇಲೆ ಮಲಗಿಸಿ, ಕಣ್ಣಿನ ಕಡೆ ಬೆರಳಲ್ಲಿ ಒತ್ತಿ ಹಿಡಿಯಿರಿ. ಕಲ್ಲಿನ ಒಂದೇ ಧ್ರುವವನ್ನು ಕಣ್ಣಿನ ಹತ್ತಿರ ಊರಿ, ನಿಧಾನಕ್ಕೆ ಮೊನೆಯವರೆಗೆ ಎಳೆಯಿರಿ. ಮೊನೆ ದಾಟಿದ ಮೇಲೆ ಕಲ್ಲನ್ನು ಒಂದು ಗೇಣಾದರೂ ಎತ್ತಿ, ಗಾಳಿಯಲ್ಲೇ ಸುತ್ತು ಬಳಸಿ ಮತ್ತೆ ಕಣ್ಣಿಗೆ ತನ್ನಿ. ಮಕ್ಕಳು ಅವಸರದಲ್ಲಿ ಪಾತ್ರೆ ತಿಕ್ಕಿದ ಹಾಗೆ ಹಿಂದೆ-ಮುಂದೆ ಉಜ್ಜುತ್ತಾರೆ. ಹೋಗುವಾಗ ಹಿಡಿದದ್ದನ್ನು ಬರುವಾಗ ತಾವೇ ಕೆಡಿಸುತ್ತಾರೆ. ನಡುವೆ ಕಲ್ಲು ತಿರುಗಿ ಇನ್ನೊಂದು ಧ್ರುವ ತಾಗಿದರೂ ಅಷ್ಟೇ. ಸೂಜಿಗಲ್ಲಿನ ಶಕ್ತಿ ಕಡಿಮೆ, ಹಾಗಾಗಿ 40-50 ಸಲ ಎಳೆಯಬೇಕು. ಹಳೇ ಸ್ಪೀಕರಿನ ಕಾಂತವಾದರೆ ಬೇಗ ಆಗುತ್ತದೆ. ಆದರೂ ಮೊದಲ ಸಲ ಕಲ್ಲಿನಲ್ಲೇ ಮಾಡಿಸಿ. ಕಬ್ಬಿಣದ ಮೊಳೆ ಬೇಡ, ಅದರಲ್ಲಿ ಕಾಂತತ್ವ ಜಾಸ್ತಿ ಹೊತ್ತು ನಿಲ್ಲದು.

ಗೆರಟೆಯಲ್ಲಿ ನೀರು ತುಂಬಿ, ಒಣ ಎಲೆಯ ತುಂಡಿನ ಮೇಲೆ ಸೂಜಿ ತೇಲಿಬಿಡಿ. ಸ್ಟೀಲ್ ತಟ್ಟೆ ಬೇಡ. ಕಡಲಿಗೆ ಮುಖ ಮಾಡಿದರೆ ನಮ್ಮ ಬಲಗೈ ಕಡೆ ಉತ್ತರ ಅಲ್ವಾ? ಸೂಜಿ ಅತ್ತ ಹೊರಳಬೇಕು. ಕಲ್ಲಿನ ಉತ್ತರ ಧ್ರುವದಿಂದ ಉಜ್ಜಿದ್ದರೆ ಮೊನೆ ದಕ್ಷಿಣಕ್ಕಿರುತ್ತದೆ, ಅದು ತಪ್ಪಲ್ಲ.

ಕೊನೆಗೆ ಇನ್ನೊಂದು ಸೂಜಿಯನ್ನೂ ಹಾಗೇ ಉಜ್ಜಿ, ಮೊನೆಗೆ ಮೊನೆ ಹತ್ತಿರ ತನ್ನಿ. ತೇಲುವ ಸೂಜಿ ದೂರ ಸರಿದರೆ ಎರಡೂ ಕಾಂತವಾಗಿವೆ. ಹತ್ತಿರ ಬಂದರೆ ನಂಬಬೇಡಿ. ಕಾಂತವಾಗದ ಸೂಜಿಯೂ ಹಾಗೆ ಬರುತ್ತದೆ.