ಹಳ್ಳದ ಹಳೇ ಸೇತುವೆ ಕಂಬಕ್ಕೆ ಸುಣ್ಣದ ಗಾರೆ: ನನ್ನ ಅನುಭವ

ಸಕಲೇಶಪುರದ ಕಡೆಯ ಒಂದು ಹಳ್ಳ. ನೀರಲ್ಲಿ ಎರಡು ಕಲ್ಲಿನ ಕಂಬ, ಆಚೆ ದಡದಲ್ಲಿ ಅರ್ಧ ಕುಸಿದ ಕಟ್ಟೆ. ಆ ಕಂಬಗಳನ್ನು ರಿಪೇರಿ ಮಾಡೋಕೆ ಹೊರಟಿದ್ದೆ. ದೇವಸ್ಥಾನದ್ದು ಅನ್ನೋರಿದ್ದರು, ಪಾಳೇಗಾರರ ಕಾವಲು ಕಟ್ಟೆ ಅನ್ನೋರೂ ಇದ್ದರು. ಕಂಬಗಳ ಚೂಪು ಮೂತಿ ನೀರು ಬರುವ ದಿಕ್ಕಿಗಿದೆ, ನೆತ್ತಿಯಲ್ಲಿ ಒಂಬತ್ತಿಂಚಿನ ಚೌಕ ಗುಳಿಗಳಿವೆ, ಎರಡೂ ದಡದ ಗಾಡಿದಾರಿ ಅಲ್ಲಿಗೇ ಇಳಿಯುತ್ತೆ. ಮರದ ತೊಲೆ ಹಾಕಿದ್ದ ಸೇತುವೆ, ಅನುಮಾನವೇ ಇಲ್ಲ. ಕಲ್ಲುಗಳ ಸಂದಿನ ಗಾರೆಗೆ ನಿಂಬೆರಸ ಹಿಂಡಿದಾಗ ನೊರೆ ಬಂತು, ಅಂದರೆ ಸುಣ್ಣದ್ದು. ನಡುವೆ ಕೆಂಪು ಕಣ ಕಂಡವು.

ಆ ಕೆಂಪು ಕಣ ಇಟ್ಟಿಗೆ ಪುಡಿ. ಅದನ್ನು ಕಡೆಗಣಿಸಿದ್ದೇ ಮೊದಲ ತಪ್ಪು. ಬರೀ ಸುಣ್ಣ, ಮರಳು ಕಲಸಿ ತುಂಬಿದ್ದು ನೀರಿನ ಮಟ್ಟದ ಕೆಳಗೆ ಹಿಡಿಯಲೇ ಇಲ್ಲ, ಹತ್ತೇ ದಿನದಲ್ಲಿ ಹಾಲಿನಂತೆ ತೊಳೆದುಹೋಯಿತು. ಸುಮಾರು ಹದಿನೆಂಟು ಸಾವಿರ ನೀರುಪಾಲು. ಗಾಳಿ ತಾಗದ ಕಡೆ ಇಂಥ ಸುಣ್ಣ ಗಟ್ಟಿಯಾಗಬೇಕಾದರೆ ಇಟ್ಟಿಗೆ ಪುಡಿಯಂಥದ್ದು ಬೇಕೇ ಬೇಕು. ಅದೂ ಕಡಿಮೆ ಸುಟ್ಟ ಇಟ್ಟಿಗೆಯದು. ಮಂಗಳೂರು ಹಂಚಿನ ಪುಡಿಯನ್ನೂ ಪಕ್ಕದಲ್ಲಿ ಕಲಸಿ ನೋಡಿದೆ: ಹೆಬ್ಬೆರಳು ಒತ್ತಿದರೆ ಇಳಿಯದ ಹದಕ್ಕೆ ಬರೋಕೆ ಹನ್ನೆರಡು ದಿನ, ಮೆತ್ತನೆ ಇಟ್ಟಿಗೆಯದು ನಾಲ್ಕೈದು ದಿನ. ಹಳೇ ರೂಢಿಯಂತೆ ಹಾಕಿದ ಬೆಲ್ಲದ ನೀರು ಜಾಸ್ತಿಯಾದ ಇನ್ನೊಂದು ಮುದ್ದೆ ತಿಂಗಳಾದರೂ ಮೆತ್ತಗೇ ಇತ್ತು, ಇರುವೆ ಮುತ್ತಿತ್ತು.

ಕಾಂಕ್ರೀಟ್ ಕವಚ ಹಾಕಿ ಅಂದವರೇ ಹೆಚ್ಚು. ಅಂದಾಜು ಆರು ಲಕ್ಷ ಹೇಳಿದ್ದರು. ಆದರೆ ಕಂಬಕ್ಕೆ ಹಿಂದೆ ಯಾರೋ ಮೆತ್ತಿದ್ದ ಸಿಮೆಂಟ್ ಹಪ್ಪಳದಂತೆ ಎದ್ದಿತ್ತು. ಅದರ ಹಿಂದೆ ಸೇರಿದ ನೀರು ಹೊರಗೆ ಬರಲಾಗದೆ ಒಳಗಿನ ಹಳೇ ಗಾರೆಯನ್ನೇ ಕರಗಿಸಿತ್ತು, ಮೊಳಕೈವರೆಗೆ ಪೊಳ್ಳು.

ಕೆಲಸ ಫೆಬ್ರವರಿಯಲ್ಲೇ ಹಿಡಿಯಬೇಕು. ಮರಳು ಚೀಲ ಅಡ್ಡ ಹಾಕಿ ನೀರು ತಿರುಗಿಸಿ, ಸಂದನ್ನು ಎರಡಿಂಚು ಕೆದಕಿ. ಅತ್ತಿ, ಅರಳಿ ಬೇರನ್ನು ಕತ್ತರಿಸಿ ಬಿಟ್ಟರೆ ಮತ್ತೆ ಚಿಗುರುತ್ತೆ, ಬುಡಸಮೇತ ಕೀಳಿ. ಮೂರು ವಾರ ಗುಂಡಿಯಲ್ಲಿ ನೆನೆದ ಸುಣ್ಣ ಒಂದು ಪಾಲು, ಇಟ್ಟಿಗೆ ಪುಡಿ ಒಂದು, ಮಣ್ಣಿಲ್ಲದ ಮರಳು ಎರಡು. ಗಾರೆಗೆ ಸೇರಿಸುವ ಅಳಲೆಕಾಯಿ ನೀರಿನ ಅಳತೆ, ಅದನ್ನು ಹಾಕುವ ಹೊತ್ತು ಮಾತ್ರ ಇಲ್ಲಿ ಬರೆಯೋಲ್ಲ. ಎರಡು ಬೇಸಿಗೆ ಕಳೆದು ಕಂಡುಕೊಂಡದ್ದು. ಕಲ್ಲು ಒದ್ದೆಯಿರಲಿ, ನೀರು ಸೋರಬಾರದು. ಚಕ್ಕೆಕಲ್ಲು ಒತ್ತುತ್ತಾ ಒಂದೊಂದೇ ಇಂಚು ತುಂಬಿ.

ಪೊಳ್ಳಿಗೆ ತೆಳು ಗಾರೆ ಸುರಿಯೋದು ಕೆಳಗಿನ ತೂತಿನಿಂದ ಶುರುವಾಗಿ ಮೇಲಕ್ಕೆ, ದಿನಕ್ಕೆ ಒಂದೂವರೆ ಅಡಿ ಮಾತ್ರ. ಒಂದೇ ದಿನ ಮೂರಡಿ ಸುರಿದದ್ದು ಭಾರಕ್ಕೆ ಕೆಳಗಿನ ಹಸಿ ಸಂದನ್ನು ಒಡೆದುಕೊಂಡು ಹೊರಬಂತು. ಒದ್ದೆ ಗೋಣಿ ಮೂರು ವಾರ ಕಟ್ಟಿರಬೇಕು. ಬಿಸಿಲಿಗೆ ಬೇಗ ಒಣಗಿದ ಗಾರೆ ಉಗುರಿಗೇ ಪುಡಿಯಾಗುತ್ತೆ.

ಕೂಲಿಯೇ ಹೆಚ್ಚು, ಸುಮಾರು ತೊಂಬತ್ತು ಸಾವಿರ. ಸಾಮಾನು, ಸಾಗಾಟ ಸೇರಿ ಒಂದು ಲಕ್ಷದ ನಲವತ್ತರ ಆಸುಪಾಸು. ಮೇಲೆ ಹಾಕಿದ ಕಬ್ಬಿಣದ ತೊಲೆ, ಹಲಗೆ ಬೇರೆ. ಎರಡು ಮಳೆಗಾಲ ಹಳ್ಳ ನೆತ್ತಿವರೆಗೆ ಬಂದು ಇಳಿದಿದೆ, ಒಂದು ಸಂದೂ ಬಿಟ್ಟಿಲ್ಲ. ನಗಾಡಿದ್ದವರೇ ಈಗ ಅಳತೆ ಕೇಳ್ತಾರೆ. ಜನ, ಬೈಕು ಓಡಾಡ್ತಿವೆ. ಟ್ರ್ಯಾಕ್ಟರ್ ಬಿಟ್ಟಿಲ್ಲ, ಆಚೆ ದಡದ ಕಟ್ಟೆಯ ಬುಡ ಇನ್ನೂ ತುಂಬಬೇಕು.